ನೀರಲ್ಲ, ಕೆಸರು ಟೆಸ್ಟ್ ಮಾಡಿ (ಭಾಗ 4)

"ನೀರು ಟೆಸ್ಟ್ ಮಾಡಿಸಿದ್ವಿ, ಎಲ್ಲ ಓಕೆ" ಅಂದ್ರೆ ನಂಬಬೇಡಿ. ನಮ್ಮ ದೇಶದಲ್ಲಿ 'ಕಲುಷಿತ ನದಿ' ಪಟ್ಟಿ ಆಗೋದು ಬಿಒಡಿ ನೋಡಿ, ಅಂದ್ರೆ ಕೊಳಚೆ ಕೊಳೆಯೋಕೆ ಬೇಕಾದ ಆಮ್ಲಜನಕ. ಲೀಟರಿಗೆ 3 ಮಿಲಿಗ್ರಾಂ ದಾಟಿದ್ರೆ ಕಲುಷಿತ. ಕ್ಯಾಡ್ಮಿಯಂ, ಸತು, ಸೀಸ ಆ ಲೆಕ್ಕಕ್ಕೆ ಬರೋದೇ ಇಲ್ಲ.

ಕೊಚ್ಚಿಯ ಅಳಿವೆ ನೋಡಿ. ಏಲೂರು, ಎಡಯಾರ್ ಕಾರ್ಖಾನೆಗಳ ತ್ಯಾಜ್ಯ ದಶಕಗಳಿಂದ ಪೆರಿಯಾರ್ ಸೇರಿದೆ. ಸಿಹಿನೀರು ಉಪ್ಪುನೀರಿಗೆ ಕೂಡೋ ಕಡೆ ನುಣ್ಣನೆ ಜೇಡಿಕಣಗಳು ಲೋಹ ಅಂಟಿಸ್ಕೊಂಡು, ಗಂಟುಗಟ್ಟಿ ತಳಕ್ಕೆ ಕೂರ್ತವೆ. ಮೇಲೆ ತಿಳಿನೀರು, ಕೆಳಗೆ ಗೋದಾಮು. ಅಲ್ಲಿನ ಸತುವಿನ ಕಾರ್ಖಾನೆ 2014ರಲ್ಲೇ ಮುಚ್ಚಿತು. ಆದ್ರೆ ಲೋಹ ಕೊಳೆಯಲ್ಲ. (ಬಿಕಾಂ ಭಾಷೇಲಿ: ಕಂಪನಿ ಹೋಯ್ತು, ಸಾಲ ಉಳೀತು, ಯಾರ ಬ್ಯಾಲೆನ್ಸ್ ಶೀಟಲ್ಲೂ ಇಲ್ಲ.) ಹಡಗಿನ ದಾರಿಗೆ ಹೂಳೆತ್ತಿದಾಗ ಅದು ಮತ್ತೆ ಕದಡತ್ತೆ. ಕೆಸರಲ್ಲೇ ಬದುಕೋ ಕಕ್ಕ, ನಮ್ಮ ಕಡೆ ಮರುವಾಯಿ ಅಂತೀವಲ್ಲ, ನೀರು ಸೋಸ್ತಾ ಲೋಹವನ್ನ ಮೈಯೊಳಗೇ ಇಟ್ಕೊಳ್ಳತ್ತೆ. ಅದನ್ನ ತಿನ್ನೋದು ನಾವು.

2024ರ ಮೇನಲ್ಲಿ ಪೆರಿಯಾರ್‌ನಲ್ಲಿ ಮೀನು ಸತ್ತು ತೇಲಿದ್ದಕ್ಕೆ ಸುದ್ದಿಯಾಯ್ತು. ಕ್ಯಾಡ್ಮಿಯಂ ತೇಲಲ್ಲ, ನಾರಲ್ಲ, ರೀಲ್ಸ್‌ಗೂ ಸಿಗಲ್ಲ. ಅದಕ್ಕೇ ಯಾರಿಗೂ ಅರ್ಜೆಂಟ್ ಇಲ್ಲ.

ಹೂಳೆತ್ತೋ ಮುಂಚೆ ಕೆಸರಲ್ಲಿ ಯಾವ ಲೋಹ ಎಷ್ಟಿದೆ ಅಂತ ಜನರ ಮುಂದಿಡಿ. ಪೆರಿಯಾರ್‌ನಲ್ಲೂ, ನಮ್ಮ ಗುರುಪುರ ಹೊಳೇಲೂ.