ಗೋದಾವರಿಯ ಹಳೆಯ ಸೇತುವೆ

ವಾಸ್ತುಪರಂಪರೆಯೆಂದೊಡನೆ ನಮಗೆ ಬೇಲೂರು, ಹಳೇಬೀಡುಗಳೇ ನೆನಪಾಗುತ್ತವೆ. ರೈಲು ಸೇತುವೆಗೂ ಆ ಗೌರವ ಸಲ್ಲಬೇಕೆಂದರೆ ಹಲವರು ನಗುತ್ತಾರೆ. ರಾಜಮಂಡ್ರಿಯ ಹ್ಯಾವ್‌ಲಾಕ್ ಸೇತುವೆಯನ್ನು ಕಂಡವರು ನಗಲಾರರು.

ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕೊನೆಯಲ್ಲಿ, 1900ರಲ್ಲಿ, ಸಂಚಾರಕ್ಕೆ ತೆರೆದ ಈ ಸೇತುವೆಗೆ 56 ಅಂಕಣಗಳು. ಕಲ್ಲಿನ ಕಂಬಗಳ ಮೇಲೆ ಉಕ್ಕಿನ ತೊಲೆಗಳು, ಅಲಂಕಾರವೆಂಬುದಿಲ್ಲ. ಒಂದೇ ಅಳತೆಯ ಅಂಕಣಗಳು ವಿಶಾಲವಾದ ಗೋದಾವರಿಯುದ್ದಕ್ಕೂ ಮರುಕಳಿಸುವುದೇ ಅದರ ಚೆಲುವು. ಮದರಾಸು-ಕಲ್ಕತ್ತೆಯ ಗಾಡಿಗಳನ್ನು ಶತಮಾನದ ಹತ್ತಿರ ಹೊತ್ತು 1997ರಲ್ಲಿ ನಿವೃತ್ತವಾಯಿತು (ನನಗಿಂತ ಮೊದಲೇ!).

ಅದನ್ನು ಪ್ರವಾಸಿ ತಾಣವಾಗಿಸುವ ಮಾತು ಹಲವು ಬಾರಿ ಕೇಳಿಬಂದಿದೆ. ಆಗಲಿ. ಆದರೆ ಮಿನುಗುದೀಪ, ಉಪಾಹಾರ ಮಂದಿರಗಳಿಂದ ಆ ತೊಲೆಗಳನ್ನು ಮರೆಮಾಡುವುದು ಬೇಡ. ತುಕ್ಕು ಬಿಡಿಸಿ, ಬಣ್ಣ ಬಳಿದು, ನಡೆಯಲು ಹಲಗೆ ಹಾಸಿದರೆ ಸಾಕು. ಗುಜರಿಯ ತೂಕದಲ್ಲಿ ಅದಕ್ಕೆ ಬೆಲೆ ಕಟ್ಟುವುದಂತೂ ನನಗೆ ಒಪ್ಪಿಗೆಯಿಲ್ಲ.