ಕಾವಲುಗಾರನಿಲ್ಲದ ಮನೆ

ಗಾಜಿನ ತಟ್ಟೆಯಲ್ಲಿ ಮನುಷ್ಯನ ಶ್ವಾಸಕೋಶವನ್ನು ಬೆಳೆಸಿದರೆಂಬ ವಾರ್ತೆಯನ್ನು ವಾಚಕರು ಓದಿರಬಹುದು. ಬೆಳೆಸಿರುವುದು ಶ್ವಾಸಕೋಶವನ್ನಲ್ಲ, ಸಾಸಿವೆಕಾಳಿನಂಥ ಅದರ ಕಿರುರೂಪವನ್ನು. ಇದಕ್ಕೆ ಆರ್ಗನಾಯ್ಡ್ ಎಂದು ಹೆಸರು.

2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಅವರು ನಾಲ್ಕು ಜೀನುಗಳ ನೆರವಿನಿಂದ ಇಲಿಯ ಬಲಿತ ಜೀವಕೋಶಗಳನ್ನು ಕಾಂಡಕೋಶಗಳ ಸ್ಥಿತಿಗೆ ಮರಳಿಸಿದರು. ಮರುವರ್ಷ ಮನುಷ್ಯನ ಚರ್ಮದ ಕೋಶಗಳಲ್ಲಿಯೂ ಇದು ಸಾಧ್ಯವಾಯಿತು. ಭ್ರೂಣದಲ್ಲಿ ದೊರೆಯುವಂಥ ರಾಸಾಯನಿಕ ಸೂಚನೆಗಳನ್ನು ಕ್ರಮವಾಗಿ ಕೊಟ್ಟರೆ, ಇಂಥ ಕೋಶಗಳು ಶ್ವಾಸನಾಳದ ಹಾಗೂ ಗಾಳಿಗೂಡುಗಳ ಕೋಶಗಳಾಗಿ ಮಾರ್ಪಟ್ಟು ತಾವೇ ಜೋಡಣೆಗೊಳ್ಳುತ್ತವೆ.

ಆದರೆ ಈ ಮನೆಗೆ ಕಾವಲುಗಾರನಿಲ್ಲ. ನಮ್ಮ ಗಾಳಿಗೂಡುಗಳಲ್ಲಿ ಧೂಳನ್ನೂ ರೋಗಾಣುಗಳನ್ನೂ ನುಂಗುವ ಭಕ್ಷಕ ಕೋಶಗಳು ಸದಾ ಇರುತ್ತವೆ. ಗಾಳಿಗೂಡಿನ ಒಳಪೊರೆ ಭ್ರೂಣದ ಒಳಪದರದಿಂದ ಹುಟ್ಟಿದರೆ, ಇವು ನಡುಪದರದಿಂದ ಬಂದವು. ಆದುದರಿಂದ ಇವನ್ನು ಅದೇ ಕಾಂಡಕೋಶಗಳಿಂದ ಬೇರೆಯಾಗಿ ಬೆಳೆಸಿ ಕೂಡಿಸಬೇಕು. ಇಲ್ಲವೆ ಎರಡೂ ಒಟ್ಟಿಗೆ ಮೂಡುವಂತೆ ಮಾಡಬೇಕು. ಈಗ ಅಂಥ ಪ್ರಯತ್ನಗಳು ನಡೆದಿವೆ.

ಇದರಿಂದ ನಮಗೇನು ಪ್ರಯೋಜನವೆಂದು ಕೇಳಬಹುದು. 1882ರಲ್ಲಿ ರಾಬರ್ಟ್ ಕಾಖ್ ತೋರಿಸಿಕೊಟ್ಟ ಕ್ಷಯಾಣುವು ತನ್ನನ್ನು ನುಂಗಿದ ಭಕ್ಷಕ ಕೋಶದೊಳಗೇ ಬೀಡುಬಿಟ್ಟು ವೃದ್ಧಿಯಾಗುತ್ತದೆ. ಕಾವಲುಗಾರನನ್ನೇ ವಶಮಾಡಿಕೊಳ್ಳುವ ಕಳ್ಳನನ್ನು ಕಾವಲುಗಾರನಿಲ್ಲದ ಮನೆಯಲ್ಲಿ ಪರೀಕ್ಷಿಸಿ ಫಲವೇನು? ಪ್ರಯೋಗಶಾಲೆಯ ಸಾಮಾನ್ಯ ಇಲಿಯಲ್ಲಿಯೂ ರೋಗವು ಮನುಷ್ಯನಲ್ಲಿರುವಂತೆಯೇ ಇರುವುದಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಭಾರತದವರೇ ಆಗಿರುವಾಗ, ಈ ಪ್ರಶ್ನೆ ನಮಗೆ ದೂರದ್ದಲ್ಲ.

ಹಾಗೆಂದು ಅತಿಯಾಗಿ ಹಿಗ್ಗುವುದೂ ಸಲ್ಲದು. ಈ ಕಿರುರೂಪವು ಉಸಿರಾಡುವುದಿಲ್ಲ. ಅದರಲ್ಲಿ ರಕ್ತವು ಹರಿಯುವುದಿಲ್ಲ. ಅದರ ಕೋಶಗಳು ಬಹುಮಟ್ಟಿಗೆ ಭ್ರೂಣದ ಕೋಶಗಳಂತೆಯೇ ಎಳೆಯವು. ಇಲ್ಲಿ ಗೆದ್ದ ಔಷಧವು ರೋಗಿಯಲ್ಲಿಯೂ ಗೆಲ್ಲುವುದೆಂಬ ಭರವಸೆಯಿಲ್ಲ.

ಔಷಧ ಪರೀಕ್ಷೆಯಲ್ಲಿ ಇಂಥ ವಿಧಾನಗಳಿಗೂ ಸ್ಥಾನ ದೊರೆಯುವಂತೆ ಭಾರತ ಸರಕಾರವು 2023ರಲ್ಲಿ ನಿಯಮಗಳನ್ನು ತಿದ್ದಿತು. ಇದು ಸ್ವಾಗತಾರ್ಹವೇ. ಆದರೆ ನಿಯಮವು ಬಾಗಿಲನ್ನು ತೆರೆಯಬಲ್ಲುದಲ್ಲದೆ ಒಳಗೆ ನಡೆದು ಹೋಗಲಾರದು. ನುರಿತ ಕೈಗಳು, ಕೋಶಗಳನ್ನು ಕೊಡುವವರ ತಿಳಿದ ಒಪ್ಪಿಗೆ, ಹಲವು ವರ್ಷಗಳ ತಾಳ್ಮೆಯ ಧನಸಹಾಯ ಇವು ಮೂರೂ ಬೇಕು. ನಮ್ಮ ರೋಗವನ್ನು ಅರಿಯುವ ಕೆಲಸವನ್ನು ಅನ್ಯರಿಗೇ ಬಿಟ್ಟುಕೊಡುವುದು ವಿವೇಕವಲ್ಲವೆಂದು ನಾವು ಭಾವಿಸುತ್ತೇವೆ.