ರೂಟರುಗಳು ದಾರಿಯ ವಾರ್ತೆಯನ್ನು ತಾವೇ ಹಂಚಿಕೊಳ್ಳಬೇಕೆ?

ಅಡಿಕೆ ಬೆಳೆಗಾರರು 1923ರಷ್ಟು ಹಿಂದೆಯೇ ತಮ್ಮದೆಂಬ ತೋಟಗಾರ್ಸ್ ಸೇಲ್ ಸೊಸೈಟಿಯನ್ನು ಕಟ್ಟಿಕೊಂಡ ಶಿರಸಿಯ ಸೀಮೆಯಲ್ಲಿ, ಸಹಕಾರಿ ಸಂಘವೊಂದು ಶಿರಸಿಯಲ್ಲಿ ಮುಖ್ಯ ಕಚೇರಿಯನ್ನೂ ಸಿದ್ದಾಪುರ, ಯಲ್ಲಾಪುರಗಳಲ್ಲಿ ಶಾಖೆಗಳನ್ನೂ ಉಳ್ಳದ್ದಾಗಿ, ಮೂರು ಊರುಗಳನ್ನೂ ಪರಸ್ಪರ ಲೈನುಗಳಿಂದ ಬೆಸೆದು, ಹೊರಗಿನ ಲೈನನ್ನು ಶಿರಸಿಯಿಂದ ಹುಬ್ಬಳ್ಳಿಗೆ ಪಡೆದಿದೆಯೆಂದು ಭಾವಿಸೋಣ. ಯಾವ ಪ್ಯಾಕೆಟ್ಟು ಯಾವ ದಾರಿಯಿಂದ ಹೋಗತಕ್ಕದ್ದೆಂಬುದನ್ನು ಮನುಷ್ಯನೊಬ್ಬನು ಪ್ರತಿಯೊಂದು ರೂಟರಿನಲ್ಲಿಯೂ ಬರೆದಿಡುವುದು ಲೇಸೋ, ರೂಟರುಗಳೇ ಆ ವಾರ್ತೆಯನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುವುದು ಲೇಸೋ ಎಂಬುದು ಇಲ್ಲಿಯ ಪ್ರಶ್ನೆ.

ಪರ

ಮಳೆಗಾಲದಲ್ಲಿ ಮರಗಳು ಮುರಿದು ತಂತಿಗಳ ಮೇಲೆ ಬೀಳುವುದೂ, ರಸ್ತೆಯನ್ನು ಅಗಲಿಸಲು ಬಂದ ಜೆಸಿಬಿ ಕೇಬಲ್ಲನ್ನು ಕಿತ್ತುಹಾಕುವುದೂ ಈ ಸೀಮೆಗೆ ಹೊಸತಲ್ಲ. ಶಿರಸಿ–ಸಿದ್ದಾಪುರಗಳ ನಡುವಣ ಲೈನು ಕಡಿದಾಗ ಯಲ್ಲಾಪುರದ ಮೂಲಕ ಸುತ್ತುದಾರಿ ತೆರೆದಿದ್ದರೂ ಕೈಯಿಂದ ಬರೆದ ಸಾಲು ಅದನ್ನರಿಯದು. ಕಡಿತವು ನಡುದಾರಿಯಲ್ಲೆಲ್ಲೋ ಆಗಿ, ರೂಟರಿನ ಪೋರ್ಟಿನ ದೀಪ ಉರಿಯುತ್ತಲೇ ಇದ್ದರಂತೂ, ಪ್ಯಾಕೆಟ್ಟುಗಳು ಮುರಿದ ದಾರಿಯನ್ನೇ ಹಿಡಿದು ಹಾಳಾಗುತ್ತಿರುತ್ತವೆ, ಮತ್ತು ಬಲ್ಲವನೊಬ್ಬನು ಬಂದು ಸಾಲನ್ನು ತಿದ್ದುವವರೆಗೆ ಚಾಲಿ, ರಾಶಿ ಅಡಿಕೆಗಳ ಅಂದಿನ ಟೆಂಡರ್ ದರವು ಶಾಖೆಗೆ ತಲುಪದೆ, ಅಡಿಕೆಯ ಮೂಟೆಗಳೊಡನೆ ಬಂದ ಬೆಳೆಗಾರನು ಕಾಯುತ್ತ ಕುಳಿತಿರಬೇಕಾಗುತ್ತದೆ.

ರಿಪ್ ಎಂಬ ಹಳೆಯ, ಸರಳ ಪದ್ಧತಿಯೊಂದೇ ಈ ಕಷ್ಟವನ್ನು ನೀಗಬಲ್ಲದು. ಅದಾಗಲೇ ಬಳಕೆಯಲ್ಲಿದ್ದ ಇದರ ನಿಯಮಗಳನ್ನು ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೆಡ್ರಿಕ್ ಅವರು 1988ರಲ್ಲಿ ಲಿಖಿತರೂಪಕ್ಕೆ ತಂದರು. ಪ್ರತಿಯೊಂದು ರೂಟರೂ 30 ಸೆಕೆಂಡಿಗೊಮ್ಮೆ, ತಾನು ಯಾವ ಜಾಲವನ್ನು ಎಷ್ಟು ಹಾಪ್‌ಗಳಲ್ಲಿ, ಎಂದರೆ ಎಷ್ಟು ಲೈನುಗಳನ್ನು ದಾಟಿ, ಮುಟ್ಟಬಲ್ಲೆನೆಂದು ನೆರೆಯ ರೂಟರುಗಳಿಗೆ ಸಾರುತ್ತದೆ. 180 ಸೆಕೆಂಡುಗಳಾದರೂ ಸುದ್ದಿ ಬಾರದ ದಾರಿಯನ್ನು ತೊರೆದು, ಇನ್ನೊಂದು ನೆರೆಯು ಸಾರಿದ ದಾರಿಯನ್ನು ಹಿಡಿಯುತ್ತದೆ. ನಾಲ್ಕು ನಿಮಿಷ ತುಂಬುವ ಮೊದಲೇ, ಯಾರೂ ಕೈಯಿಕ್ಕದೆ, ಸಿದ್ದಾಪುರವು ಯಲ್ಲಾಪುರದ ಮೂಲಕ ಶಿರಸಿಯನ್ನು ಸೇರಿರುತ್ತದೆ. ಒಂದು ಸಂದೇಶದಲ್ಲಿ 25 ದಾರಿಗಳ ವಿವರ ಹಿಡಿಸುವುದರಿಂದ, ಇಷ್ಟು ಸಣ್ಣ ಜಾಲಕ್ಕೆ ಅದರ ಭಾರವೂ ಗಣನೆಗೆ ಬಾರದು.

ವಿರೋಧ

ರಿಪ್ ಪದ್ಧತಿಯ ರೂಟರು ದಾರಿಯನ್ನು ತಾನು ಕಂಡುದಲ್ಲ, ನೆರೆಯ ಮಾತನ್ನು ನಂಬಿದುದು. ಹುಬ್ಬಳ್ಳಿಯ ಲೈನು ಕಡಿಯಿತೆನ್ನೋಣ. ಶಿರಸಿಯು ಇದನ್ನು ಇಬ್ಬರಿಗೂ ಸಾರುತ್ತದೆ. ಸಿದ್ದಾಪುರ ಕೇಳಿಸಿಕೊಂಡಿತು, ಯಲ್ಲಾಪುರಕ್ಕೆ ಹೊರಟ ಸಂದೇಶ ನಡುವೆ ಕಳೆದುಹೋಯಿತು. ಏನನ್ನೂ ಅರಿಯದ ಯಲ್ಲಾಪುರವು ‘ನಾನು ಹುಬ್ಬಳ್ಳಿಯನ್ನು ಎರಡು ಹಾಪ್‌ಗಳಲ್ಲಿ ಮುಟ್ಟಬಲ್ಲೆ’ ಎಂದು ಸಿದ್ದಾಪುರಕ್ಕೆ ಹೇಳಿದರೆ, ಸಿದ್ದಾಪುರವು ಅದಕ್ಕೆ ಒಂದು ಕೂಡಿಸಿ ಮೂರೆಂದು ಶಿರಸಿಗೂ, ಶಿರಸಿಯು ನಾಲ್ಕೆಂದು ಯಲ್ಲಾಪುರಕ್ಕೂ ಹೇಳುತ್ತ, ಇಲ್ಲದ ದಾರಿಯ ವಾರ್ತೆಯು ಮೂರೂರುಗಳನ್ನು ಸುತ್ತುತ್ತದೆ. ಎಣಿಕೆಯು ಅನಂತವೆಂದು ನಿಯಮಿಸಿದ 16ನ್ನು ಮುಟ್ಟಿದ ಮೇಲೆಯೇ ಅದು ಅಡಗುವುದು. ಕಲಿತ ದಾರಿಯನ್ನು ಕಲಿಸಿದವನಿಗೇ ಮರಳಿ ಹೇಳಬಾರದೆಂಬ ನಿಯಮವು ಇಬ್ಬರ ನಡುವಣ ಭ್ರಾಂತಿಯನ್ನು ತಡೆಯುತ್ತದೆಯೇ ಹೊರತು ಮೂವರದನ್ನಲ್ಲವೆಂದು ಹೆಡ್ರಿಕ್ ಅವರೇ ಬರೆದಿದ್ದಾರೆ. ಬದಲಾವಣೆಯನ್ನು ಒಡನೆಯೇ ಸಾರುವ ಏರ್ಪಾಡು ಈ ಅಪಾಯವನ್ನು ತಗ್ಗಿಸುತ್ತದೆ, ಅಳಿಸುವುದಿಲ್ಲ.

ದೂರವನ್ನು ಹಾಪ್‌ಗಳಿಂದ ಮಾತ್ರ ಅಳೆಯುವ ಈ ಪದ್ಧತಿಯು ಮಂದಗತಿಯ ನೇರ ವೈರ್‌ಲೆಸ್ ಲೈನನ್ನೇ ಮೆಚ್ಚಿ, ಎರಡು ಹಾಪ್‌ಗಳ ವೇಗದ ಫೈಬರನ್ನು ಕಡೆಗಣಿಸುವುದು ಇನ್ನೊಂದು ದೋಷ. ಪ್ರತಿ ರೂಟರಿಗೂ ಇಡೀ ಜಾಲದ ನಕ್ಷೆಯನ್ನೇ ಒದಗಿಸುವ ಓಎಸ್‌ಪಿಎಫ್ ಇವೆರಡನ್ನೂ ಬಹುಮಟ್ಟಿಗೆ ಕಳೆಯುತ್ತದೆ. ಆದರೆ ಅದನ್ನು ನಿರ್ವಹಿಸಬಲ್ಲವನು ತಾಲ್ಲೂಕಿನ ಶಾಖೆಯಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ.

ಮತ್ತೊಂದು ಆಕ್ಷೇಪವಿದೆ, ನನ್ನ ಮನಸ್ಸು ಪರದ ಕಡೆಗೆ ವಾಲಿದ್ದರೂ ಅದಕ್ಕೆ ನನ್ನಲ್ಲಿ ಸಮಾಧಾನವಿಲ್ಲ. ನಾವು ಭಾವಿಸಿಕೊಂಡ ತ್ರಿಕೋನವು ನೆಲದ ಮೇಲೆ ನಿಜವಾಗಿ ಇದೆಯೆ? ಸಿದ್ದಾಪುರದಿಂದ ಯಲ್ಲಾಪುರಕ್ಕೆ ಹೋಗುವ ವಾಡಿಕೆಯ ರಸ್ತೆಯೇ ಶಿರಸಿಯನ್ನು ಹಾದುಹೋಗುವಾಗ, ಎರಡನೆಯ ಲೈನಿನ ಕೇಬಲ್ಲೂ ಅದೇ ರಸ್ತೆಯ ಅಂಚಿನಲ್ಲಿ, ಮೊದಲನೆಯದರ ಪಕ್ಕದಲ್ಲಿಯೇ ಹುಗಿದಿದ್ದರೆ, ಜೆಸಿಬಿಯ ಒಂದೇ ಹೊಡೆತಕ್ಕೆ ಎರಡೂ ಹೋಗುವವು. ಅಂಥ ಜಾಲಕ್ಕೆ ‘ಉಳಿದುದೆಲ್ಲ ಶಿರಸಿಗೆ’ ಎಂಬ ಒಂದು ಡಿಫಾಲ್ಟ್ ಸಾಲನ್ನು ಶಾಖೆಯ ರೂಟರಿನಲ್ಲಿ ಬರೆದಿಟ್ಟರೆ ಸಾಕು. ರೂಟರುಗಳ ಸಂವಾದಕ್ಕಿಂತ ಮೊದಲು ಸಂಘವು ತನ್ನ ಹಣವನ್ನು ವಿನಿಯೋಗಿಸಬೇಕಾದುದು ಬೇರೆ ದಿಕ್ಕಿನಿಂದ ಬರುವ ಇನ್ನೊಂದು ಲೈನಿಗೆ.